ಎರಡು ಖಾಲಿ ಹಾಳೆಗಳು

ಜೂನ್ 3

ಪ್ರೀತಿಯ ಅಕ್ಕ,

ಹೋದ ಸಲ ನಿನ್ನ ಕಾಗದದ ಜೊತೆ ಬಂದ ಖಾಲಿ ಹಾಳೆಯ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕವರಿನ ಹೊರಗಿನಿಂದ ಯಾರೂ ಓದಬಾರದು ಅಂತ ನೀನು ಪ್ರತಿ ಸಲವೂ ಕಾಗದಕ್ಕೆ ಒಂದು ಖಾಲಿ ಹಾಳೆ ಹೊದಿಸುತ್ತೀಯ. ನಾನು ಅದನ್ನೇ ತುಂಬಿಸಿ ನಿನಗೆ ವಾಪಸು ಕಳಿಸುತ್ತೇನೆ. ನಮ್ಮ ಕಾಗದದಲ್ಲಿ ಕದ್ದು ಓದುವಂಥದ್ದು ಏನಿರುತ್ತದೋ ಕಾಣೆ. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪ್ ಹೊಡೆದವಳಿಗೆ ನೆಗಡಿಯ ಸಮಾಚಾರವೂ ಗುಟ್ಟಿನ ತೀರ್ಪಿನಂತೆ ಕಾಣುತ್ತದೇನೋ.

ಈ ಸಲ ಮಾತ್ರ ಸಂಗತಿ ಇದೆ. ನಮ್ಮ ಹಲ್ಲಿನ ಲ್ಯಾಬಿಗೆ ಯಂತ್ರ ಬಂದಿದೆ. ನಾವು ನಾಲ್ಕು ಜನ ಬಾಯಿಯ ಅಚ್ಚು ಹೊಯ್ದು, ಮೇಣದಲ್ಲಿ ಕೆತ್ತಿ, ಉಜ್ಜಿ ಮೂರು ದಿನಕ್ಕೆ ಮುಗಿಸುತ್ತಿದ್ದ ಹಲ್ಲನ್ನು ಅದು ನಾವು ಚಹಾ ಕುಡಿದು ಬರುವಷ್ಟರಲ್ಲಿ ಕೊರೆದು ತಟ್ಟೆಗೆ ಬೀಳಿಸುತ್ತದೆ. ಧಣಿ ಕೆಟ್ಟವರಲ್ಲ. ಉಜ್ಜುವ ಮೋಟಾರಿನ ಪಕ್ಕ ಕೂತು ಕೂತು ನನ್ನ ಕಿವಿ ಕೆಟ್ಟಿರುವುದರಿಂದ, ಎಂದಿನಂತೆ ಚೀಟಿ ಬರೆದು ಮುಂದಿಟ್ಟರು: "ಯಂತ್ರ ಕಲಿತು ಇರ್ತೀರಾದ್ರೆ ಮೂರು ವರ್ಷಕ್ಕೆ ಸಹಿ ಮಾಡಿ. ಊರಿಗೆ ಹೋಗೋದಾದ್ರೆ ಅದನ್ನಾದ್ರೂ ಹೇಳಿ. ಸೆಪ್ಟೆಂಬರ್ ಕೊನೆ ಒಳಗೆ." ಊರು ಅನ್ನುವುದನ್ನು ನಾನು ಬಾಯಿ ಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ. ಮುಖದ ಮೇಲೆ ಬರೆದಿತ್ತೋ ಏನೋ.

ಹೆಂಡತಿ ಹೋಗಿ ಹದಿನಾಲ್ಕು ತಿಂಗಳಾಯಿತು. ನಾನು ಈ ರಾಜ್ಯಕ್ಕೆ ಬಂದು ಇಪ್ಪತ್ತಾರು ವರ್ಷ. ನಿನ್ನನ್ನು ನೋಡಿ ಹನ್ನೊಂದು. ನಮ್ಮ ರಾಜ್ಯಕ್ಕೆ ವಾಪಸು ಬರುವುದೋ ಬೇಡವೋ ಎನ್ನುವುದನ್ನು ಒಬ್ಬನೇ ಕೂತು ತೀರ್ಮಾನಿಸಲು ಆಗುತ್ತಿಲ್ಲ. ಅಪ್ಪನ ಪಟ್ಟಿ ಮಾಡೋಣ. ನೆನಪಿದೆ ತಾನೆ? ಅಂಗಡಿಯ ತಕ್ಕಡಿ ಪರೀಕ್ಷಿಸುವಾಗ ಅಪ್ಪ ಎರಡೂ ತಟ್ಟೆಯ ಸಾಮಾನನ್ನು ಅದಲುಬದಲು ಮಾಡಿ ಇನ್ನೊಮ್ಮೆ ತೂಗುತ್ತಿದ್ದರು. ಮನೆಯಲ್ಲಿ ನಮಗೂ ಅದೇ ಕಾನೂನು. ನನಗೆ ನಾಯಿ ಬೇಕಿತ್ತು, ನಿನಗೆ ಬೇಡವಾಗಿತ್ತು. ಬೇಕು ಅನ್ನುವ ನಾನು ನಾಯಿ ಯಾಕೆ ಬೇಡ ಅಂತ ಬರೆಯಬೇಕು, ಬೇಡ ಅನ್ನುವ ನೀನು ಯಾಕೆ ಬೇಕು ಅಂತ ಬರೆಯಬೇಕು. ಪಟ್ಟಿ ನೋಡಿದ ಕೂಡಲೇ ಯಾರಿಗೆ ಏನು ಬೇಕು ಅಂತ ತಿಳಿದು ಹೋಗುತ್ತಿತ್ತು, ಯಾರೂ ಬಾಯಿ ಬಿಟ್ಟು ಕೇಳಬೇಕಾಗಿರಲಿಲ್ಲ. ಪಟ್ಟಿಗೆ ಬೇರೆಯೇ ಹಾಳೆ, ಅದರಲ್ಲಿ ಕುಶಲ ಸಮಾಚಾರ ಬೆರೆಸುವ ಹಾಗಿಲ್ಲ. ನನ್ನ ಹತ್ತಿರ ಇರುವುದು ಒಂದೇ ಹಾಳೆಯಾದ್ದರಿಂದ ಈ ಸಲ ಅಪ್ಪ ಕ್ಷಮಿಸಲಿ.

ಬರಬಾರದು ಎನ್ನುವುದಕ್ಕೆ ನನ್ನ ಕಾರಣ: ಇಲ್ಲಿಯ ಡಾಕ್ಟರುಗಳಿಗೆ ನನ್ನ ಕೈ ಗೊತ್ತು. ಹಲ್ಲಿನ ಸೆಟ್ಟು ನೋಡಿದರೆ ಇದು ಇಂಥವನದು ಅನ್ನುತ್ತಾರೆ. ಅಲ್ಲಿ ಐವತ್ತೊಂದನೆಯ ವಯಸ್ಸಿನಲ್ಲಿ ಯಾರ ಬಾಗಿಲಿಗೆ ಹೋಗಿ ಹಲ್ಲು ಗಿಂಜಲಿ? ಇಷ್ಟು ವರ್ಷ ಇಲ್ಲಿ ಹೊರಗಿನವನಾಗಿದ್ದೆ, ಅಲ್ಲಿಗೆ ಬಂದರೆ ಅಲ್ಲಿಯೂ ಹೊರಗಿನವನೇ. ನನ್ನ ಮಾತಿನ ಧಾಟಿ ಕೇಳಿ ಅಂಗಡಿಯವರು ಯಾವ ಕಡೆಯವರು ಅಂತ ಕೇಳುತ್ತಾರೆ. ಇಲ್ಲಿಯವರು ನನ್ನ ಭುಜ ಮುಟ್ಟಿ ಕರೆಯುವುದನ್ನು ರೂಢಿ ಮಾಡಿಕೊಂಡಿದ್ದಾರೆ, ಅಲ್ಲಿ ಒಬ್ಬೊಬ್ಬರಿಗೂ ಹೊಸದಾಗಿ ಹೇಳಿಕೊಡಬೇಕು. ಮತ್ತೆ ಇದು ಅವಳಿದ್ದ ಮನೆ. ಅವಳು ಕೂರುತ್ತಿದ್ದ ಕುರ್ಚಿಯನ್ನು ತರಬಹುದು, ಆ ಕಿಟಕಿಯನ್ನು ತರಲಾಗುವುದಿಲ್ಲ.

ಇನ್ನು ನಿನ್ನ ಪಟ್ಟಿ ಕಳಿಸು, ಜಡ್ಜಮ್ಮ.

ನಿನ್ನ ತಮ್ಮ


ಜೂನ್ 24

ಮರಿ,

ಐವತ್ತೊಂದಾದವನನ್ನು ಮರಿ ಅನ್ನಬಾರದು ಅಂತ ನೀನು ಎಷ್ಟು ಸಲ ಬರೆದರೂ ನನ್ನ ಬೆರಳಿಗೆ ಬೇರೆ ಹೆಸರು ಬರುವುದಿಲ್ಲ. ನಿನ್ನ ಕಾರಣಗಳನ್ನೆಲ್ಲ ಕೇಳಿಸಿಕೊಂಡೆ. ಬರಬಾರದು ಅಂತ ಇಷ್ಟು ಚೆನ್ನಾಗಿ ಬರೆದವನಿಗೆ ಬರುವ ಆಸೆ ಎಷ್ಟಿದೆ ಅಂತ ಅಪ್ಪನ ಮಗಳಿಗೆ ಗೊತ್ತಾಗದೆ ಇರುತ್ತದೆಯೇ?

ನಾನು ಚೆನ್ನಾಗಿದ್ದೇನೆ. ಮೇಲಿನ ಮನೆಯ ಕಂಡಕ್ಟರ್ ಈಗೀಗ ದಿನಾ ಸಂಜೆ ಇಳಿದು ಬರುತ್ತಾರೆ. ಬಸ್ಸು ಬಿಟ್ಟು ಎಂಟು ವರ್ಷವಾದರೂ ಆ ಮನುಷ್ಯನ ದನಿ ಇಳಿದಿಲ್ಲ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದುತ್ತಾರೆ. "ಮುಂದಿನ ಸುದ್ದಿ ಹತ್ತಿಸ್ಕೊಳ್ಲಾ ಅಮ್ಮಾ?" ಅಂತ ಕೇಳುತ್ತಾರೆ. ಬೇಡ ಅಂದರೂ ನಿಲ್ಲಿಸುವುದಿಲ್ಲ.

ಗಡ್ಡ ಬಿಟ್ಟಿದ್ದೇನೆ ಅಂತ ಚಳಿಗಾಲದಲ್ಲಿ ನೀನು ಬರೆದಿದ್ದೆ. ಒಂದು ಫೋಟೋ ಕಳಿಸು ಅಂತ ಎಷ್ಟು ಸಲ ಕೇಳಲಿ? ಗಡ್ಡದಲ್ಲಿ ಅಪ್ಪನ ಹಾಗೆ ಕಾಣುತ್ತೀಯೋ, ಇಲ್ಲ ಕಳ್ಳನ ಹಾಗೋ? ಬೇಗ ಕಳಿಸು. ಸುಮ್ಮನೆ ಹೇಳುತ್ತಿಲ್ಲ.

ನನ್ನ ಪಟ್ಟಿ ಬೇರೆ ಹಾಳೆಯಲ್ಲಿದೆ, ಕಾನೂನಿನ ಪ್ರಕಾರ.

ಅಕ್ಕ

ಪಟ್ಟಿ: ಬರಬಾರದು ಎನ್ನುವುದಕ್ಕೆ

ಹಿಂದಿನ ಕೋಣೆಯ ಕಿಟಕಿಗೆ ಎದುರಾಗಿ ಗೋದಾಮಿನ ಗೋಡೆ ಎದ್ದಿದೆ. ಮಧ್ಯಾಹ್ನವೂ ದೀಪ ಹಾಕಬೇಕು.

ನಿನ್ನ ಸ್ನೇಹಿತರು ಯಾರೂ ಉಳಿದಿಲ್ಲ. ಸೈಕಲ್ ಶಾಪಿನವನು ತೀರಿಕೊಂಡ. ನಿನ್ನ ಜೊತೆ ಈಜು ಕಲಿತವನು ಮಗಳ ಮನೆಗೆ ಹೋದ. ನಿನ್ನನ್ನು ಏಕವಚನದಲ್ಲಿ ಕರೆಯಲು ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ.

ನಿನ್ನ ಗೊರಕೆ. ನಿನಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ.

ನಾನು ಒಬ್ಬಳೇ ಇರುವುದಕ್ಕೆ ಒಗ್ಗಿ ಹೋಗಿದ್ದೇನೆ. ಒಂದು ತಟ್ಟೆ, ಒಂದು ಲೋಟ. ಇಟ್ಟ ಸಾಮಾನು ಇಟ್ಟಲ್ಲೇ ಇರುತ್ತದೆ, ಕೈ ಚಾಚಿದರೆ ಸಿಗುತ್ತದೆ. ನೀನು ಬಂದರೆ ಚಪ್ಪಲಿಯನ್ನು ನಡುದಾರಿಯಲ್ಲಿ ಬಿಡುತ್ತೀಯ, ನಾನು ಎಡವುತ್ತೇನೆ.


ಆಗಸ್ಟ್ 11

ಪ್ರೀತಿಯ ಅಕ್ಕ,

ತಡವಾಯಿತು. ನಿನ್ನ ಪಟ್ಟಿಯನ್ನು ಓದಿ ಖುಷಿಯಿಂದ ಅವತ್ತೇ ಉತ್ತರ ಬರೆಯಬೇಕು ಅಂತ ಕೂತಿದ್ದೆ. ನೀನೂ ಬರಬೇಡ ಅಂತಲೇ ಬರೆದಿದ್ದೀಯ, ಅಂದರೆ ನಿನಗೂ ನಾನು ಬರುವುದು ಬೇಕು. ಎರಡು ತಟ್ಟೆಯಲ್ಲೂ ಒಂದೇ ತೂಕ, ಇನ್ನೇನು ಯೋಚನೆ ಅಂದುಕೊಂಡೆ.

ಆಮೇಲೆ ಪಟ್ಟಿಯನ್ನು ಇನ್ನೊಂದು ಸಲ ಓದಿದೆ, ಮತ್ತೊಂದು ಸಲ ಓದಿದೆ. ನಿನ್ನ ಬರವಣಿಗೆಯ ತೊಂದರೆಯೇ ಅದು, ಕೋರ್ಟಿನ ಕಾಗದದ ಹಾಗೆ ಒಂದೊಂದು ಸಾಲೂ ಸಾಕ್ಷಿ ಸಮೇತ ನಿಲ್ಲುತ್ತದೆ. "ಒಬ್ಬಳೇ ಇರುವುದಕ್ಕೆ ಒಗ್ಗಿ ಹೋಗಿದ್ದೇನೆ" ಅಂದಿದ್ದೀಯ. ಅದು ಕಾನೂನಿಗೆ ಬರೆದದ್ದೋ, ನಿಜವೋ? ಚಪ್ಪಲಿಗೆ ಎಡವುವ ವಿಷಯವನ್ನು ಯಾರೂ ಸುಮ್ಮನೆ ಕಟ್ಟಿ ಬರೆಯುವುದಿಲ್ಲ. ಅಷ್ಟು ಸಣ್ಣ ವಿಷಯಕ್ಕೂ ನಾನು ಕಿರಿಕಿರಿಯಾಗುತ್ತೇನೋ ಅಂತ ಹೆದರಿಕೆಯಾಯಿತು. ನನಗೂ ಒಂಟಿತನ ಒಗ್ಗಬೇಕು, ಒಗ್ಗಿಲ್ಲ. ಬೆಳಿಗ್ಗೆ ಎದ್ದು ಎರಡು ಲೋಟ ಚಹಾ ಮಾಡಿ ಒಂದನ್ನು ಚೆಲ್ಲುತ್ತೇನೆ.

ಇನ್ನೊಂದು ವಿಷಯ. ನಿನ್ನ ಕಾಗದದಲ್ಲಿ ಎರಡು ಸಾಲು ಒಂದರ ಮೇಲೊಂದು ಬಿದ್ದು ಕಲಸಿ ಹೋಗಿತ್ತು. ಒಂದು ಕಡೆ ಬೆರಳು ಟೈಪ್‌ರೈಟರಿನ ಪಕ್ಕದ ಕೀಲಿಗೆ ಸರಿದು ಅರ್ಧ ಸಾಲು ಯಾವ ಭಾಷೆಯೋ ಗೊತ್ತಾಗಲಿಲ್ಲ. ಒಂದು ತಪ್ಪಿಲ್ಲದೆ ಹೊಡೆಯುತ್ತಿದ್ದ ಜಡ್ಜಮ್ಮನಿಗೆ ನನಗೆ ಬರೆಯುವಾಗ ಅಷ್ಟೊಂದು ಅವಸರವೇ?

ಇನ್ನೊಂದು ಪಟ್ಟಿ ಕಳಿಸು. ಈ ಸಲ ಚೆನ್ನಾಗಿ ಯೋಚನೆ ಮಾಡಿ ಬರೆ. ಅದರಲ್ಲಿ ಏನು ಬರುತ್ತದೋ ಅದೇ ಕೊನೆಯ ಮಾತು. ಧಣಿಯವರಿಗೆ ಅದನ್ನೇ ಹೇಳುತ್ತೇನೆ.

ಫೋಟೋ ಆಮೇಲೆ ನೋಡೋಣ. ಬಂದರೆ ಮುಖವೇ ಬರುತ್ತದಲ್ಲ.

ತಮ್ಮ


ಸೆಪ್ಟೆಂಬರ್ 8

ಪಟ್ಟಿ: ಬರುವುದರಿಂದ ಆಗುವ ಒಳ್ಳೆಯದು

1. ಹಿಂದಿನ ಕೋಣೆಗೆ ಬೆಳಿಗ್ಗೆ ಒಂದು ಗಂಟೆ ಒಳ್ಳೆಯ ಬಿಸಿಲು ಬರುತ್ತದೆ.

2. ಬಸ್ ನಿಲ್ದಾಣದ ಹತ್ತಿರದ ಹಲ್ಲಿನ ಡಾಕ್ಟರು ಕೈಕೆಲಸ ಬಲ್ಲವರನ್ನು ಹುಡುಕುತ್ತಿದ್ದಾರೆ. ಅವರಿಗೆ ಯಂತ್ರದ ಹಲ್ಲು ಹಿಡಿಸುವುದಿಲ್ಲವಂತೆ.

3. ಧಾಟಿ ಬದಲಾಗಿದ್ದರೂ ಇಲ್ಲಿ ನಿನ್ನ ಮಾತು ಎಲ್ಲರಿಗೂ ಅರ್ಥವಾಗುತ್ತದೆ.

4. ಒಂದು ಮಂಚ ಖಾಲಿ ಇದೆ.

5. ವಯಸ್ಸಾಗುತ್ತಿರುವ ಇಬ್ಬರು ಒಂದೇ ಕಡೆ ಇರುವುದು ಒಳ್ಳೆಯದು.

6. ಅಕ್ಕನಿಗೆ ಸಂತೋಷವಾಗುತ್ತದೆ.


ಸೆಪ್ಟೆಂಬರ್ 27

ಅಕ್ಕ,

ಪಟ್ಟಿ ತಲುಪಿತು. ಎಲ್ಲಾ ಅರ್ಥವಾಯಿತು. ನೀನು ಬರೆದದ್ದರಿಂದಲೂ ಅರ್ಥವಾಯಿತು, ಬರೆಯದೆ ಬಿಟ್ಟದ್ದರಿಂದಲೂ ಅರ್ಥವಾಯಿತು. ಕವರಿನ ಮೇಲಿನ ವಿಳಾಸವನ್ನೂ ಬೇರೆಯವರ ಕೈಯಿಂದ ಬರೆಸಿದ್ದೀಯ. ಇರಲಿ. ಖಾಲಿ ಹಾಳೆಗೆ ಮಾತ್ರ ಈ ಸಲ ಕಡಿಮೆ ಮಾಡಿಲ್ಲ, ಎರಡು ಇಟ್ಟಿದ್ದೀಯ. ನನಗೆ ಹೇಳುವುದಿರುವುದು ಒಂದು ಹಾಳೆಯಷ್ಟೂ ಇಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದರಲ್ಲಿ ಬರೆಯುತ್ತಿದ್ದೇನೆ.

ಅಪ್ಪನ ಪಟ್ಟಿಯನ್ನು ಅಪ್ಪನ ಹಾಗೆಯೇ ತಿರುಗಿಸಿ ಓದಿದೆ: ಬರಲಿ ಅಂತ ಬರೆದಿದ್ದೀಯ, ಅಂದರೆ ಬರುವುದು ಬೇಡ. ಜೂನ್‌ನಲ್ಲಿ ಕೋಣೆಯ ಬೆಳಕನ್ನು ಗೋದಾಮಿನ ಗೋಡೆ ನುಂಗಿತ್ತು, ಈಗ ಬಿಸಿಲು ಬಂದಿದೆ. ನನ್ನನ್ನು ತಡೆಯುವುದಕ್ಕೆ ಒಂದು ಗೋಡೆಯನ್ನೇ ಕೆಡವಿದ್ದೀಯ. ಆರನೆಯದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ಅದೊಂದನ್ನು ನೀನು ಬರೆಯದೆ ಬಿಡಬಹುದಿತ್ತು.

ನಿನ್ನ ಮೇಲೆ ಸಿಟ್ಟಿಲ್ಲ. ಹನ್ನೊಂದು ವರ್ಷ ಮುಖ ತೋರಿಸದವನು ಹೆಂಡತಿ ಸತ್ತ ಮೇಲೆ, ಕೆಲಸ ಅಲುಗಾಡಿದ ಮೇಲೆ ಅಕ್ಕನ ಮನೆ ನೆನಪು ಮಾಡಿಕೊಂಡರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ನಿನಗೂ ಒಂದು ಜೀವನ ಇದೆ. ಒಂದು ತಟ್ಟೆ, ಒಂದು ಲೋಟ ಅಂದಿದ್ದೀಯಲ್ಲ.

ಹೇಳಬಾರದು ಅಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ಜುಲೈನಲ್ಲೇ ನಾನು ಬೀರುವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದೆ. ಪರದೆ ಇಳಿಸಿ ಮಡಿಚಿದ್ದೆ. ಈಗ ಬಟ್ಟೆಗಳೆಲ್ಲ ಪೆಟ್ಟಿಗೆಯಲ್ಲೇ ಇವೆ, ಬೆಳಿಗ್ಗೆ ಒಂದೊಂದನ್ನೇ ಎಳೆದು ಹಾಕಿಕೊಳ್ಳುತ್ತೇನೆ. ಬೀರು ವಾಪಸು ಕೇಳಲು ನಾಚಿಕೆಯಾಗುತ್ತದೆ.

ಈ ಹಾಳೆ ಯಾಕೋ ತರಿತರಿಯಾಗಿದೆ, ಪೆನ್ನು ಮುಗ್ಗರಿಸುತ್ತಿದೆ. ಮೊನ್ನೆ ಸಹಿ ಮಾಡಿದೆ, ಮೂರು ವರ್ಷ. ಯಂತ್ರಕ್ಕೆ ಹಲ್ಲಿನ ಚಿತ್ರ ತೋರಿಸಿ ಗುಂಡಿ ಒತ್ತುವುದು ನನ್ನ ಕೆಲಸ. ಕೈಗೆ ಏನೂ ಅಂಟುವುದಿಲ್ಲ. ನಾನು ಬರುವುದಿಲ್ಲ. ನಿನಗೂ ಇದೇ ಸಮಾಧಾನ ಅಂತ ಗೊತ್ತು.

ತಮ್ಮ


ನವೆಂಬರ್ 16

ಅಕ್ಕ,

ನನ್ನ ಕಾಗದ ಸಿಕ್ಕಿತೇ? ಏಳು ವಾರವಾಯಿತು. ಯಾವತ್ತೂ ಇಷ್ಟು ದಿನ ಮಾಡಿದವಳಲ್ಲ ನೀನು.

ಸ್ವಲ್ಪ ಒರಟಾಗಿ ಬರೆದೆನೇನೋ. ಬರುವುದು ಬೇಡ ಅಂದರೆ ಬೇಡ, ಕಾಗದಕ್ಕೂ ಬೇಡವೇ? ನೀನು ಕೇಳಿದ್ದ ಫೋಟೋ ಇಟ್ಟಿದ್ದೇನೆ. ಲ್ಯಾಬಿನ ಹುಡುಗಿ ತೆಗೆದಳು. ಹಿಂದೆ ಕಾಣುತ್ತಿರುವುದೇ ಆ ಯಂತ್ರ. ಅಪ್ಪನ ಹಾಗೋ ಕಳ್ಳನ ಹಾಗೋ, ಹೇಗೆ ಕಾಣುತ್ತೇನೆ ಅಂತ ಅಷ್ಟಾದರೂ ಬರೆ.

ಉಳಿಸಿಕೊಂಡಿದ್ದ ಇನ್ನೊಂದು ಖಾಲಿ ಹಾಳೆ ಇದು. ಇದಾದ ಮೇಲೆ ನನ್ನ ಹತ್ತಿರ ಹಾಳೆ ಇಲ್ಲ.

ತಮ್ಮ


ಜನವರಿ 19

ಮರಿ,

ಇದನ್ನು ಬೇರೆ ಟೈಪ್ ಯಂತ್ರದಲ್ಲಿ ಹೊಡೆಯುತ್ತಿದ್ದೇನೆ. ಇದು ಈ ನಿವಾಸದ ಆಫೀಸಿನದು. ಮೊದಲ ಸಾಲು ಹೊಡೆದು ಮೇಲ್ವಿಚಾರಕಿಯನ್ನು ಎರಡು ಸಲ ಕೇಳಿದೆ, ಕಾಗದದ ಮೇಲೆ ಅಕ್ಷರ ಬೀಳುತ್ತಿದೆ ತಾನೆ ಅಂತ. ಯಾಕೆ ಕೇಳಿದೆ ಅಂತ ಕೊನೆಗೆ ಹೇಳುತ್ತೇನೆ.

ಇದು ಕಣ್ಣು ಕಾಣದ ಹೆಂಗಸರ ನಿವಾಸ. ನವೆಂಬರ್ ಒಂದಕ್ಕೆ ಮನೆಯ ಬೀಗದ ಕೈ ಮಾಲೀಕರಿಗೆ ಕೊಟ್ಟು ಇಲ್ಲಿಗೆ ಬಂದೆ. ಒಂದು ಕೋಣೆಗೆ ಎಂಟು ಮಂಚ, ನನ್ನದು ಬಾಗಿಲಿನಿಂದ ಮೂರನೆಯದು. ಅವತ್ತಿಗೆ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಈಗ ಕಿಟಕಿ ಯಾವ ಕಡೆ ಇದೆ ಅನ್ನುವುದಷ್ಟೇ ತಿಳಿಯುತ್ತದೆ.

ಮೂರು ತಿಂಗಳು ನಿನ್ನ ಮೇಲೆ ಕುದಿಯುತ್ತಿದ್ದೆ. ಮುಚ್ಚುಮರೆ ಯಾಕೆ? ನಿನ್ನ ಸೆಪ್ಟೆಂಬರಿನ ಕಾಗದವನ್ನು ನನಗೆ ಓದಿ ಹೇಳಿದ ಮೇಲೆ ಕಂಡಕ್ಟರ್ ಅವತ್ತಿನ ಪೇಪರ್ ಬಿಡಿಸದೆ ಎದ್ದು ಹೋದರು. ಆ ಮನುಷ್ಯ ಪೇಪರ್ ಓದದೆ ಹೋದದ್ದು ಅದೇ ಮೊದಲು. ನಿಯಮ ಬೇಡ ಅಂತ ನಾನು ಕೈಮುಗಿದು ಕೇಳಿದ ಮೇಲೂ ಇವನು ನಿಯಮದ ಹಿಂದೆ ಅಡಗಿಕೊಂಡನಲ್ಲ ಅಂದುಕೊಂಡೆ. ನಾನು ಬರೆಯದೆ ಬಿಟ್ಟದ್ದು ಅಂತ ಬೇರೆ ನೀನು ಬರೆದಿದ್ದೆ. ಇವನಿಗೆ ಇನ್ನೇನು ಬರೆಯಬೇಕಿತ್ತು ಅಂತ ಹಲ್ಲು ಕಡಿದೆ. ವಿಳಾಸ ಬೇರೆಯವರ ಕೈಯಿಂದ ಬರೆಸಿದ್ದೀಯ ಅಂತ ಕಣ್ಣು ಕಾಣದವಳನ್ನು ಚುಚ್ಚುವಷ್ಟು ಕಲ್ಲಾದನೇ ಅಂದುಕೊಂಡೆ. ಎರಡು ಖಾಲಿ ಹಾಳೆ ಅಂದಾಗ ನನಗೆ ಹೊಳೆಯಬೇಕಿತ್ತು. ಬೆರಳಿಗೆ ಒಂದಕ್ಕೊಂದು ಅಂಟಿಕೊಂಡು ಬಂದಿರಬೇಕು ಅಂದುಕೊಂಡು ಬಿಟ್ಟುಬಿಟ್ಟೆ.

ನಿನ್ನ ಫೋಟೋ ಸುತ್ತಿ ಬಳಸಿ ಡಿಸೆಂಬರ್ ಕೊನೆಗೆ ಇಲ್ಲಿಗೆ ಬಂತು. ಕಿಟಕಿಗೆ ಹಿಡಿದು ನೋಡಿದೆ. ಒಂದು ಮಬ್ಬು, ಅದರ ಕೆಳಗೆ ಇನ್ನೂ ಕಪ್ಪಾದ ಒಂದು ಮಬ್ಬು. ಅದು ಗಡ್ಡ ಇರಬೇಕು. ಯಾರ ಹಾಗೆ ಕಾಣುತ್ತೀಯ ಅಂತ ಹೇಳಲು ಆಗಲಿಲ್ಲ.

ಇಲ್ಲಿ ಚುಕ್ಕೆಯ ಅಕ್ಷರ ಕಲಿಸುತ್ತಾರೆ, ಬೆರಳಿನಿಂದ ಓದುವುದು. ಟೈಪ್ ಹೊಡೆದ ಬೆರಳು ಬೇಗ ಕಲಿಯುತ್ತದೆ ಅಂತ ಟೀಚರ್ ಹೊಗಳಿದರು. ಹೋದ ವಾರ ಕೈಗೆ ಕೆಲಸವಿರಲಿಲ್ಲ. ನಿನ್ನ ಹಳೆಯ ಕಾಗದ ತೆಗೆದು ಸುಮ್ಮನೆ ಸವರುತ್ತಿದ್ದೆ. ಸೆಪ್ಟೆಂಬರಿನ ಕಾಗದದ ಬೆನ್ನಿನಲ್ಲಿ ಬೆರಳಿಗೆ ಏನೋ ತಾಗಿತು. ಸಾಲು ಸಾಲಾಗಿ ಉಬ್ಬು. ನನ್ನ ಯಂತ್ರದ ಉಬ್ಬು ನನಗೆ ಗೊತ್ತಾಗದೆ ಇರುತ್ತದೆಯೇ?

ಆಮೇಲೆ ಒಂದೊಂದಾಗಿ ನೆನಪಾಯಿತು. ಪಟ್ಟಿಯನ್ನು ಗುರುವಾರವೇ ಹೊಡೆದಿಟ್ಟಿದ್ದೆ. ಶನಿವಾರ ಕಂಡಕ್ಟರ್ ಯಂತ್ರಕ್ಕೆ ಎಣ್ಣೆ ಬಿಟ್ಟು ಒರೆಸಿಕೊಟ್ಟರು. ಯಂತ್ರದ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಸ್ಟೆನ್ಸಿಲ್, ಅಂದರೆ ನಕಲು ತೆಗೆಯುವ ಮೇಣದ ಹಾಳೆ, ಹೊಡೆಯುವ ಬಿಳಿ ಚುಕ್ಕೆಗೆ ಸರಿಸಿದರೆ ಶಾಯಿಯ ರಿಬ್ಬನ್ ಮೇಲೇಳುವುದಿಲ್ಲ, ಅಕ್ಷರ ಬರೀ ಕಾಗದಕ್ಕೆ ಬಡಿಯುತ್ತದೆ. ಒರೆಸುವಾಗ ಅದು ಸರಿದಿದೆ. ಭಾನುವಾರ ನಾನು ಕೂತು ನಿನಗೆ ಒಂದು ಇಡೀ ಪುಟ ಬರೆದೆ. ಟಕಟಕ ಅಂತ ಶಬ್ದ ಕೇಳುತ್ತಿತ್ತು, ಅಕ್ಷರ ಬೀಳುತ್ತಿದೆ ಅಂದುಕೊಂಡೆ. ನಾನೇ ಮಡಿಚಿ, ನಾನೇ ಅಂಟಿಸಿ, ಕಂಡಕ್ಟರ್ ಕೈಯಿಂದ ವಿಳಾಸ ಮಾತ್ರ ಬರೆಸಿದೆ. ಅವರಿಗೆ ಈ ವಿಷಯ ಹೇಳಿಲ್ಲ. ಹೇಳಿದರೆ ಆ ದನಿಯಲ್ಲಿ ಅಳುತ್ತಾರೆ.

ನಿನ್ನ ಆ ಸೆಪ್ಟೆಂಬರಿನ ಕಾಗದವನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ. ಅದರ ಮೇಲೆ ಏನು ಹೊಡೆದಿದ್ದೆ ಅಂತ ನಾನು ಮತ್ತೆ ಹೇಳುವುದಿಲ್ಲ, ಒಂದು ಸಲ ಹೇಳಲು ನನಗೆ ಎರಡು ವರ್ಷ ಹಿಡಿದಿತ್ತು. ಅಚ್ಚಿನಿಂದ ಆಕಾರ ತೆಗೆಯುವುದು ನಿನ್ನ ಕಸುಬು, ನೀನೇ ತೆಗೆದುಕೊ.

ಈಗ ಬರಬೇಡ. ಮನೆ ಇಲ್ಲ, ಅಲ್ಲಿ ಹೊಸದಾಗಿ ಮದುವೆಯಾದವರು ಬಂದಿದ್ದಾರೆ. ಇಲ್ಲಿ ಗಂಡಸರು ಹೊರಗಿನ ಬೆಂಚಿನಿಂದ ಒಳಗೆ ಬರುವ ಹಾಗಿಲ್ಲ, ಅದೂ ಭಾನುವಾರ ಮೂರರಿಂದ ಐದರವರೆಗೆ. ನೀನು ಸಹಿ ಮಾಡಿದ್ದೀಯ. ಇವನ್ನು ಅಪ್ಪನ ಲೆಕ್ಕದಲ್ಲಿ ಬರೆದೆನೋ ನನ್ನ ಲೆಕ್ಕದಲ್ಲಿ ಬರೆದೆನೋ ನನಗೂ ಗೊತ್ತಾಗುತ್ತಿಲ್ಲ. ನೀನು ಹೇಗೆ ಓದಿಕೊಳ್ಳುತ್ತೀಯೋ ಓದಿಕೊ.

ಅಕ್ಕ


ಫೆಬ್ರವರಿ 2

ಅಕ್ಕ,

ಇದನ್ನು ನಿನಗೆ ಯಾರು ಓದಿ ಹೇಳುತ್ತಿದ್ದಾರೋ ಅವರಿಗೆ: ದಯವಿಟ್ಟು ಒಂದು ಸಾಲನ್ನೂ ಬಿಡಬೇಡಿ.

ಹಲ್ಲಿನ ಸೆಟ್ಟು ಎಲ್ಲಿ ಎತ್ತರವಾಗಿ ತಾಗುತ್ತದೆ ಅಂತ ನೋಡಲು ನಾವು ರೋಗಿಗೆ ಒಂದು ನೀಲಿ ಕಾಗದ ಕಚ್ಚಿಸುತ್ತೇವೆ. ತಾಗಿದ ಕಡೆಗೆಲ್ಲ ನೀಲಿ ಹತ್ತುತ್ತದೆ. ಅದನ್ನೇ ನಿನ್ನ ಹಾಳೆಯ ಬೆನ್ನಿಗೆ ಮೆಲ್ಲಗೆ ಉಜ್ಜಿದೆ. ಉಬ್ಬಿದ ಅಕ್ಷರಗಳೆಲ್ಲ ಎದ್ದು ಬಂದವು, ತಲೆಕೆಳಗಲ್ಲ, ಬಲದಿಂದ ಎಡಕ್ಕೆ. ಕನ್ನಡಿಗೆ ಹಿಡಿದು ಓದಿದೆ. ಇಪ್ಪತ್ತಾರು ವರ್ಷ ಊರವರ ಬಾಯಿಯ ಅಚ್ಚು ಓದಿದ ಮನುಷ್ಯ ನಾನು. ನಿನ್ನ ಹಾಳೆ ತರಿತರಿಯಾಗಿದೆ ಅಂತ ಬರೆದು, ಅದರ ಮೇಲೆಯೇ ಪೆನ್ನು ಒತ್ತಿದ್ದೇನೆ.

ನೀನು ಮತ್ತೆ ಹೇಳುವುದಿಲ್ಲ ಅಂದಿದ್ದೀಯ. ಆದ್ದರಿಂದ ನಾನು ಬರೆದು ಕಳಿಸುತ್ತೇನೆ. ನನಗೆ ತಲುಪಿದೆ ಅಂತ ನಿನಗೆ ಗೊತ್ತಾಗಬೇಕು.

"ಮರಿ, ಈ ಸಲ ಅಪ್ಪನ ನಿಯಮ ಬೇಡ. ಇದರ ಜೊತೆಗಿರುವ ಪಟ್ಟಿಯನ್ನು ಇದ್ದ ಹಾಗೆಯೇ ಓದು, ತಿರುಗಿಸಿ ಓದಬೇಡ. ಕೈಮುಗಿಯುತ್ತೇನೆ. ನನ್ನ ಕಣ್ಣು ಹೋಗುತ್ತಿದೆ. ಎರಡು ವರ್ಷದಿಂದ ಗೊತ್ತು. ನಿನ್ನ ಮನೆಯಲ್ಲಿ ಆಗ ಕಾಯಿಲೆ ಇತ್ತು, ಆಮೇಲೆ ಸಾವಾಯಿತು, ಹೇಗೆ ಹೇಳಲಿ? ಯಂತ್ರವನ್ನು ನೋಡದೆಯೇ ಹೊಡೆಯುವವಳಾದ್ದರಿಂದ ನಿನಗೆ ಗೊತ್ತಾಗಲಿಲ್ಲ. ನಿನ್ನ ಕಾಗದಗಳನ್ನು ಕಂಡಕ್ಟರ್ ಓದಿ ಹೇಳುತ್ತಾರೆ. ವರ್ಷದ ಕೊನೆಯವರೆಗೆ ಸ್ವಲ್ಪ ಬೆಳಕು ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ. ನೀನು ಬಂದು ನನ್ನನ್ನು ನೋಡಿಕೊಳ್ಳಲಿ ಅಂತಲ್ಲ. ಸುಳ್ಳು ಯಾಕೆ, ಅದಕ್ಕೂ ಹೌದು. ಆದರೆ ಅದಕ್ಕಿಂತ ಮೊದಲು, ಬೆಳಕು ಇರುವಾಗಲೇ ನಿನ್ನ ಮುಖವನ್ನು ಒಂದು ಸಲ ನೋಡಬೇಕು. ನನಗೆ ಹೆದರಿಕೆಯಾಗುತ್ತಿದೆ. ಬಾ ಮರಿ."

ಕೊನೆಯ ಸಾಲಿನ ಜಾಗವನ್ನು ಮುಂದಿನ ಬದಿಯಲ್ಲಿ ಹುಡುಕಿದೆ. ನೀನು ಬಾ ಅಂತ ಹೊಡೆದ ಕಡೆಯಲ್ಲಿಯೇ ನನ್ನ ಕೈಬರಹದಲ್ಲಿ "ನಾನು ಬರುವುದಿಲ್ಲ" ಅಂತ ಇದೆ.

ಫೋಟೋ ಕೇಳಿದಾಗ ಬೇಗ ಕಳಿಸು, ಸುಮ್ಮನೆ ಹೇಳುತ್ತಿಲ್ಲ ಅಂತಲೂ ಬರೆದಿದ್ದೆ ನೀನು. ಆಗಲೇ ಕಳಿಸಿದ್ದರೆ ನೀನು ನೋಡುತ್ತಿದ್ದೆ. ಚಪ್ಪಲಿಗೆ ಎಡವುತ್ತೇನೆ ಅಂತ ನೀನು ಅಂದಾಗ ನನ್ನ ಮಂದ ತಲೆಗೆ ನನ್ನದೇ ದುಃಖ ಹತ್ತಿ ಕೂತಿತ್ತು. ಕ್ಷಮಿಸು ಅಂತ ಕೇಳುತ್ತಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನಗೆ ಇಷ್ಟು ಬೇಗ ಅದು ಬೇಡ.

ನೀಲಿ ಹಾಳೆಯನ್ನೂ ಕನ್ನಡಿಯನ್ನೂ ಧಣಿಯವರ ಮುಂದಿಟ್ಟೆ. ಅವರು ಓದಿ, ಎಂದಿನಂತೆ ಚೀಟಿ ಬರೆದರು: "ಮೊದಲೇ ಯಾಕೆ ಹೇಳ್ಲಿಲ್ಲ?" ನನಗೇ ಗೊತ್ತಿರಲಿಲ್ಲ ಅಂದೆ. ಜೋರಾಗಿ ಅಂದಿರಬೇಕು, ಎಲ್ಲರೂ ತಿರುಗಿ ನೋಡಿದರು. ಅವರು ನಾನು ಸಹಿ ಮಾಡಿದ್ದ ಕಾಗದವನ್ನು ತೆಗೆದು ನನ್ನ ಕೈಗೇ ಕೊಟ್ಟರು.

ನೀನು ಬರಬೇಡ ಅಂದ ಕಾರಣಗಳೆಲ್ಲ ನಿಜ. ಮನೆ ಹೋಯಿತು, ಬೆಳಕೂ ಹೋಯಿತು. ನಾನು ಈಗ ಬಂದರೂ ಸೆಪ್ಟೆಂಬರ್‌ನಲ್ಲಿ ಬಂದ ಹಾಗಾಗುವುದಿಲ್ಲ. ಅದಕ್ಕೇ ಪಟ್ಟಿ ಮಾಡಿಲ್ಲ, ತೂಗಲಿಕ್ಕೂ ಹೋಗಿಲ್ಲ. ಕಂಡಕ್ಟರ್‌ಗೆ ಬರೆದಿದ್ದೇನೆ, ಜಾಗ ಸಿಗುವವರೆಗೆ ಅವರ ಮನೆಯಲ್ಲಿ ಇರುತ್ತೇನೆ. ನನಗೆ ಅವರ ದನಿಯ ಭಯವಿಲ್ಲ. ಇಡೀ ವಾರ ಏನು ಮಾಡುತ್ತೇನೋ ಗೊತ್ತಿಲ್ಲ. ಭಾನುವಾರ ಮೂರು ಗಂಟೆಗೆ ಆ ಬೆಂಚಿನ ಮೇಲೆ ಇರುತ್ತೇನೆ, ಐದಕ್ಕೆ ಎದ್ದು ಹೋಗುತ್ತೇನೆ. ನೀನು ಮಾತಾಡಿದ್ದು ನನಗೆ ಕೇಳಿಸುವುದಿಲ್ಲ, ನಾನು ಬಂದದ್ದು ನಿನಗೆ ಕಾಣಿಸುವುದಿಲ್ಲ. ಎರಡು ಗಂಟೆ ಹೊತ್ತು ಅದೇನು ಮಾಡುತ್ತೇವೋ ನೋಡೋಣ.

ನಿನ್ನ ಬೆರಳು ಓದಲು ಕಲಿತಿದೆಯಲ್ಲ. ಗಡ್ಡ ಬೋಳಿಸಿಕೊಂಡು ಬರುತ್ತೇನೆ. ಇಲ್ಲದಿದ್ದರೆ ನಿನಗೆ ಮುಖದ ಗುರುತು ಸಿಗಲಿಕ್ಕಿಲ್ಲ.

ಮರಿ